ಕ್ಷಮಿಸಿದ ಮೇಲೆ ಜೈಲಿಗೆ ಯಾಕೆ ಕಳಿಸಿದಿರಿ?

ಬೆಳಗಾವಿಯಲ್ಲಿ ನನ್ನ ಪತ್ತೇದಾರಿ ಕಥೆ ಓದಿದವರು ಆರಾಧನೆ ಮುಗಿಸಿ ಹೊರಗೆ ಬರುವಾಗ ಸಿಕ್ಕರೆ ಕೇಳುವ ಪ್ರಶ್ನೆ ಒಂದೇ. ‘ಕ್ಷಮಾ ಮಾಡಿದ ಮ್ಯಾಲೆ ಆ ಹುಡುಗನ್ನ ಜೈಲಿಗೆ ಯಾಕ ಕಳಿಸಿದ್ರಿ?’

ಓದದವರಿಗಾಗಿ ಕಥೆಯನ್ನು ಸ್ವಲ್ಪ ಹೇಳಿಬಿಡುತ್ತೇನೆ. ಅದು ನಡೆಯುವುದು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ. ಖಣ ನೇಯುವ ಊರು. ಕ್ರೈಸ್ತ ಮಿಶನರಿಗಳಾದ ಬಾಸೆಲ್ ಮಿಶನ್‌ನವರು 19ನೇ ಶತಮಾನದಲ್ಲೇ ಬಂದು ನೆಲೆಸಿದ ಊರು ಕೂಡ. ಅಲ್ಲಿ ಒಬ್ಬ ನೇಕಾರ, ಸಭೆಯ ಅಂದರೆ ಚರ್ಚಿನ ಹಿರಿಯ. ಸಾಲದ ಜಗಳದಲ್ಲಿ ಅವನ ಮಗನ ಕೊಲೆಯಾಗುತ್ತದೆ. ಕೊಂದವನು ಅದೇ ಸಭೆಯ ಹುಡುಗ, ಸಂಡೇ ಸ್ಕೂಲಿನಲ್ಲಿ ಈ ನೇಕಾರನ ಹತ್ತಿರವೇ ಕಲಿತವನು. ಆ ರಾತ್ರಿ ಅವನು ಓಡಿಹೋಗಿದ್ದನ್ನು ನೋಡಿದ್ದು ತಂದೆ ಒಬ್ಬನೇ. ತಂದೆ ಅವನನ್ನು ಕ್ಷಮಿಸುತ್ತಾನೆ. ಆಮೇಲೆ ಕೋರ್ಟಿಗೆ ಹೋಗಿ ಕಂಡದ್ದನ್ನೆಲ್ಲ ಹೇಳುತ್ತಾನೆ. ಹುಡುಗನಿಗೆ ಜೀವಾವಧಿ ಶಿಕ್ಷೆಯಾಗಿ ಹಿಂಡಲಗಾ ಜೈಲು ಸೇರುತ್ತಾನೆ.

ಓದುಗರಿಗೆ ಸಿಟ್ಟು ಬರುವುದು ಇಲ್ಲೇ. ಸಾಕ್ಷಿ ಹೇಳದೆ ಸುಮ್ನೆ ಇದ್ದಿದ್ದರೆ ಆಗುತ್ತಿರಲಿಲ್ಲವಾ ಅಂತಾರೆ.

ಆಗುತ್ತಿರಲಿಲ್ಲ. ಮೊದಲನೆಯದು, ನಮ್ಮ ಕಾನೂನಿನಲ್ಲಿ ಕೊಲೆ ಕೇಸು ರಾಜಿಯಾಗುವಂಥದ್ದಲ್ಲ. ಸತ್ತವನ ಮನೆಯವರು ಕ್ಷಮಿಸಿದರೂ ಸರ್ಕಾರ ಕೇಸು ನಡೆಸುತ್ತದೆ. ಆದರೆ ನನಗೆ ಅದಕ್ಕಿಂತ ದೊಡ್ಡದು ಬೇರೆ ಇದೆ. ನಾನು ಕ್ಷಮಿಸಿದೆ ಅಂದರೆ ನನಗಾದ ಗಾಯಕ್ಕೆ ಸೇಡು ಬೇಡ ಅಂತ ಬಿಟ್ಟುಕೊಟ್ಟೆ ಅಂತ. ಆದ ಕೊಲೆ ಆಗಲೇ ಇಲ್ಲ ಅನ್ನುವ ಹಕ್ಕು ಅದರಿಂದ ನನಗೆ ಬರುವುದಿಲ್ಲ. ಹತ್ತು ಆಜ್ಞೆಗಳಲ್ಲಿ ಕೊಲೆ ಮಾಡಬಾರದು ಅಂತಲೂ ಇದೆ, ಸುಳ್ಳು ಸಾಕ್ಷಿ ಹೇಳಬಾರದು ಅಂತಲೂ ಇದೆ.

ಲೂಕನ ಸುವಾರ್ತೆಯ 23ನೇ ಅಧ್ಯಾಯದ ಕಳ್ಳನನ್ನು ನೆನಪಿಸಿಕೊಳ್ಳಿ. ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದವನು. ನಮಗೆ ಆಗುತ್ತಿರುವ ಶಿಕ್ಷೆ ನ್ಯಾಯವೇ ಅಂತ ಅವನೇ ಬಾಯಿಬಿಟ್ಟು ಹೇಳುತ್ತಾನೆ. ಅದೇ ದಿನ ಪರದೈಸಿನಲ್ಲಿ, ಅಂದರೆ ಸ್ವರ್ಗದಲ್ಲಿರುವೆ ಅನ್ನುವ ಮಾತು ಯೇಸುವಿನಿಂದ ಅವನಿಗೆ ಸಿಗುತ್ತದೆ. ಆದರೆ ಯಾರೂ ಅವನನ್ನು ಶಿಲುಬೆಯಿಂದ ಇಳಿಸಲಿಲ್ಲ. ಈ ಎರಡೂ ಒಂದೇ ಮಧ್ಯಾಹ್ನ ನಡೆದವು. ನನ್ನ ಇಡೀ ಕಥೆ ಅದರ ಮೇಲೆ ನಿಂತಿದೆ.

ಇದು ಪುಸ್ತಕದಲ್ಲಿ ಮಾತ್ರ ನಡೆಯುವುದೂ ಅಲ್ಲ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಶನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಗಂಡುಮಕ್ಕಳನ್ನೂ ಗಾಡಿಯಲ್ಲಿ ಮಲಗಿದ್ದಾಗ ಸುಟ್ಟು ಕೊಂದರು. ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದರು. ಊರು ಬಿಟ್ಟು ಓಡಲಿಲ್ಲ, ಬಾರಿಪದಾದಲ್ಲಿ ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಕೇಸು ತನ್ನ ಪಾಡಿಗೆ ನಡೆಯಿತು. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದರಿಂದ ಆ ತಾಯಿಯ ಕ್ಷಮೆ ಸುಳ್ಳಾಯಿತು ಅಂತ ಯಾರಾದರೂ ಹೇಳಲಿಕ್ಕೆ ಆಗುತ್ತದಾ?

ಇನ್ನು ನನ್ನ ಕಥೆಯ ತಾಯಿಯ ವಿಷಯ. ಅವಳು ಕ್ಷಮಿಸುವುದಿಲ್ಲ. ಕೊನೆಯ ಪುಟದವರೆಗೂ ಇಲ್ಲ. ಸಭೆಯ ಹಿರಿಯರಲ್ಲಿ ಕೆಲವರಿಗೆ ಇದು ಜೈಲಿಗಿಂತ ಜಾಸ್ತಿ ಚುಚ್ಚಿದೆ. ಏಳು ಎಪ್ಪತ್ತು ಸಾರಿ ಕ್ಷಮಿಸಬೇಕು ಅಂತ ಯೇಸು ತನ್ನ ಶಿಷ್ಯ ಪೇತ್ರನಿಗೆ ಹೇಳಿದ ಮಾತು ಏನಾಯಿತು ಅಂತ ಕೇಳುತ್ತಾರೆ. ಆ ಮಾತನ್ನು ನಾನು ನಂಬುತ್ತೇನೆ. ಆದರೆ ಅದನ್ನು ಹಿಡಿದು ಮಗನನ್ನು ಕಳೆದುಕೊಂಡ ಹೆಂಗಸಿನ ಬಾಗಿಲು ಬಡಿಯುವುದನ್ನು ನಾನು ಒಪ್ಪುವುದಿಲ್ಲ. ಗಂಡ ಕ್ಷಮಿಸಿದ್ದು ಗಂಡನ ಪಾಲಿನದು. ಅವಳ ಪರವಾಗಿ ಅವನೂ ಕ್ಷಮಿಸಲಾರ, ಚರ್ಚಿನ ಪಾದ್ರಿ ಅಂದರೆ ಸಭಾಪಾಲಕರೂ ಕ್ಷಮಿಸಲಾರರು. ತಮ್ಮ ಹೇಬೆಲನ ರಕ್ತ ಭೂಮಿಯಿಂದ ಕೂಗುತ್ತಿದೆ ಅಂತ ದೇವರೇ ಅವನನ್ನು ಕೊಂದ ಅಣ್ಣ ಕಾಯಿನನಿಗೆ ಹೇಳಲಿಲ್ಲವಾ? ಆ ಕೂಗನ್ನು ಕೇಳಿಸಿಕೊಂಡ ದೇವರು ಈ ತಾಯಿಯ ಸಿಟ್ಟನ್ನೂ ಕೇಳಿಸಿಕೊಳ್ಳುತ್ತಾನೆ. ಅದಕ್ಕೇ ಕಥೆಯಲ್ಲಿ ಸಭಾಪಾಲಕರು ಅವಳ ಮನೆಗೆ ಹೋದಾಗ ಕ್ಷಮಿಸು ಅನ್ನುವುದಿಲ್ಲ. ‘ಎಷ್ಟರವರೆಗೆ’ ಅಂತ ದೇವರನ್ನೇ ಕೇಳುವ 13ನೇ ಕೀರ್ತನೆ ಓದಿ ಬರುತ್ತಾರೆ. ನಮ್ಮ ಸಭೆಗಳಲ್ಲಿ ಆ ಕೀರ್ತನೆಯನ್ನು ಇನ್ನೂ ಹೆಚ್ಚು ಓದಬೇಕು.

ಕಥೋಲಿಕ ಸ್ನೇಹಿತರು ಕೇಳುವುದು ಬೇರೆ: ಹುಡುಗ ಚರ್ಚಿನ ಗುರುಗಳ ಮುಂದೆ ಗುಟ್ಟಾಗಿ ತಪ್ಪೊಪ್ಪಿಕೊಂಡು ಪಾಪನಿವೇದನೆ ಮಾಡಿದ್ದರೆ? ಆಗ ಗುರುಗಳು ಬಾಯಿ ಬಿಡುವಂತಿಲ್ಲ, ಸಭೆಯ ಕಾನೂನು ಅಷ್ಟು ಬಿಗಿ. ಆದರೆ ವಕೀಲರಿಗೆ ಇರುವ ಗುಟ್ಟಿನ ರಕ್ಷಣೆಯನ್ನು ನಮ್ಮ ಸಾಕ್ಷ್ಯ ಕಾನೂನು ಗುರುಗಳಿಗೆ ಕೊಟ್ಟಿಲ್ಲ. ಅದು ಬೇರೆಯದೇ ಕಥೆಯಾಗುತ್ತದೆ, ಬರೆಯುವ ಆಸೆ ಇದೆ.

ಕಡೆಗೆ ಒಂದು ಸಲಹೆಯೂ ಬರುತ್ತದೆ. ಹುಡುಗನನ್ನು ಕೊನೆಗೆ ಸುವಾರ್ತೆ ಸಾರುವ ಸುವಾರ್ತಿಕನನ್ನಾಗಿ ಮಾಡಿ, ದೇವರ ಕರೆ ಬಂತು ಅಂತ ತೋರಿಸಿ ಅಂತ. ಕೊಂದವನಿಗೆ ಕರೆ ಬರುವುದಿಲ್ಲ ಅಂತ ನಾನು ಹೇಳುವುದಿಲ್ಲ. ಮೋಶೆ ಐಗುಪ್ತದವನನ್ನು ಕೊಂದು ಮರಳಿನಲ್ಲಿ ಮುಚ್ಚಿದವನೇ. ಆದರೆ ದೇವರು ಅವನನ್ನು ಕರೆದ ಆ ಉರಿಯುವ ಪೊದೆ ಕಂಡಿದ್ದು 40 ವರ್ಷ ಆದ ಮೇಲೆ. ಅಲ್ಲಿಯವರೆಗೆ ಮಿದ್ಯಾನಿನಲ್ಲಿ ಪರದೇಶಿಯಾಗಿದ್ದ, ಮಾವನ ಕುರಿ ಕಾಯ್ದ. ನನ್ನ ಹುಡುಗ ಜೈಲಿಗೆ ಬಂದು ಇನ್ನೂ ಮೂರು ವರ್ಷ ಆಗಿಲ್ಲ. ಓದು ಬರಹ ಬಾರದ ಕೈದಿಗಳಿಗೆ ಮನೆಗೆ ಕಾಗದ ಬರೆದುಕೊಡುತ್ತಾನೆ. ಅದೇ ಅವನ ಕರೆಯೋ ಅಲ್ಲವೋ ಅಂತ ಈಗಲೇ ನಿರ್ಧರಿಸಲು ನನಗೆ ಮನಸ್ಸಿಲ್ಲ.