ಯಾರ್ಕ್‌ನಲ್ಲಿ ಆಂಗ್ಲೋನ ಹುಡುಕಿಕೊಂಡು

ಹೈಸ್ಕೂಲಿನಲ್ಲಿ ನಾಲ್ಕು ಆಂಗ್ಲೋ-ಮೈಸೂರು ಯುದ್ಧಗಳನ್ನು ಇಸವಿ ಸಮೇತ ಬಾಯಿಪಾಠ ಮಾಡಿದ್ದೆ. ಮೈಸೂರು ಗೊತ್ತಿತ್ತು. ಈ ಆಂಗ್ಲೋ ಅಂದ್ರೆ ಯಾರು ಸಾರ್ ಅಂತ ಕೇಳಿದ್ದಕ್ಕೆ ಮೇಷ್ಟ್ರು "ಇಂಗ್ಲಿಷ್‌ನೋರು ಕಣೋ, ಕೂತ್ಕೋ" ಅಂದಿದ್ದರು. ಈ ಮಾರ್ಚ್ ಕೊನೆಯಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ತಂಗಿ ಮನೆಗೆ ಹೋಗಿದ್ದೆ. ಅಲ್ಲಿಂದ ಅರ್ಧ ಗಂಟೆ ರೈಲಿನಲ್ಲಿ ಕೂತರೆ ಯಾರ್ಕ್. ಹಳೇ ಪ್ರಶ್ನೆ ಅಲ್ಲಿ ಮತ್ತೆ ಎದ್ದಿತು.

ಯಾರ್ಕ್ ಕಟ್ಟಿದ್ದು ಇಂಗ್ಲಿಷರಲ್ಲ. ಕ್ರಿ.ಶ. 71ರಲ್ಲಿ ರೋಮನ್ ಸೈನ್ಯ ಬಂದು ಕೋಟೆ ಹಾಕಿ ಎಬೊರಾಕಮ್ ಅಂತ ಹೆಸರಿಟ್ಟಿತು. 306ರಲ್ಲಿ ಸೈನಿಕರು ಕಾನ್‌ಸ್ಟಂಟೈನನನ್ನು ಚಕ್ರವರ್ತಿ ಅಂತ ಘೋಷಿಸಿದ್ದೂ ಇಲ್ಲೇ. ಮಿನ್‌ಸ್ಟರ್ ಅನ್ನೋ ದೊಡ್ಡ ಚರ್ಚಿನ ಪಕ್ಕ ಅವನ ಕಂಚಿನ ಪ್ರತಿಮೆ ಆರಾಮಾಗಿ ಕೂತಿದೆ. ಐದನೇ ಶತಮಾನದ ಶುರುವಿನಲ್ಲಿ ರೋಮನ್ನರ ಆಳ್ವಿಕೆ ಮುಗಿಯಿತು. ಆಮೇಲೆ ಈಗಿನ ಜರ್ಮನಿ-ಡೆನ್ಮಾರ್ಕ್ ಗಡಿಯ ಕಡೆಯಿಂದ ಸಮುದ್ರ ದಾಟಿ ಬಂದವರು ಆಂಗಲ್ ಜನ. ಇಂಗ್ಲೆಂಡ್, ಇಂಗ್ಲಿಷ್, ನಮ್ಮ ಪಠ್ಯದ ಆಂಗ್ಲೋ, ಎಲ್ಲಕ್ಕೂ ಅವರ ಹೆಸರೇ ಮೂಲ. ಅಂದ್ರೆ ಇಂಗ್ಲಿಷರೂ ಹೊರಗಿನಿಂದ ಬಂದವರೇ!

ಸರಿ, ಯಾರ್ಕ್‌ನಲ್ಲಿ ಅವರದ್ದು ಏನಿದೆ? ಬೀದಿಯಲ್ಲಿ ಹುಡುಕಿದರೆ ಏನೂ ಕಾಣೋದಿಲ್ಲ. 627ರಲ್ಲಿ ಅವರ ರಾಜ ಎಡ್ವಿನ್ ಕ್ರೈಸ್ತನಾಗಿ ದೀಕ್ಷಾಸ್ನಾನ ಪಡೆದ ಚರ್ಚು ಮರದ್ದು, ಅದು ಯಾವತ್ತೋ ಹೋಯಿತು.

ಕಾಣೋದೆಲ್ಲ ವೈಕಿಂಗರದ್ದು, ಅಂದ್ರೆ ಡೆನ್ಮಾರ್ಕ್, ನಾರ್ವೆ ಕಡೆಯಿಂದ ಹಡಗಿನಲ್ಲಿ ಬಂದು ದಾಳಿ ಮಾಡಿದವರದ್ದು. 866ರಲ್ಲಿ ಡೇನರ ದಂಡು ಊರು ಹಿಡಿದ ಮೇಲೆ ಅವರ ಮಾತು ಬೀದಿಬೀದಿಗೂ ಅಂಟಿಕೊಂಡಿದೆ. ಸ್ಟೋನ್‌ಗೇಟ್, ಕಾಪರ್‌ಗೇಟ್ ಅಂತ ಬೋರ್ಡು ನೋಡಿ ನಾನು ಬಾಗಿಲು ಹುಡುಕುತ್ತಿದ್ದೆ. ಗೇಟ್ ಅಂದ್ರೆ ಇಲ್ಲಿ ಬೀದಿ, ಅವರ 'ಗಾಟಾ'. ಕೋಟೆ ಬಾಗಿಲಿಗೆ ಬಾರ್ ಅಂತಾರೆ. ಇನ್ನು ಕುಡಿಯೋ ಬಾರಿಗೆ ಪಬ್ ಅನ್ನಬೇಕು! ವಿಂಡೋ ಅನ್ನೋದೂ ವೈಕಿಂಗರ ಮಾತೇ, 'ಗಾಳಿಗಣ್ಣು' ಅಂತ ಅರ್ಥ. ನಮ್ಮ ಗವಾಕ್ಷಿ ಹಸುವಿನ ಕಣ್ಣು, ಅವರದ್ದು ಗಾಳಿಯ ಕಣ್ಣು. ಇದನ್ನೇ ಯೋಚಿಸ್ತಾ ಜೋರ್ವಿಕ್ ಅನ್ನೋ ವೈಕಿಂಗ್ ಮ್ಯೂಸಿಯಂ ಕ್ಯೂನಲ್ಲಿ ಮಳೆಯಲ್ಲಿ ನೆನೆದೆವು.

1976ರಿಂದ 81ರವರೆಗೆ ಕಾಪರ್‌ಗೇಟ್‌ನಲ್ಲಿ ಅಗೆದರು. ಗಾಳಿಯಾಡದ ಒದ್ದೆ ಮಣ್ಣು, ಹಾಗಾಗಿ ಮರ, ಚರ್ಮ, ಬಟ್ಟೆ ಕೊಳೆತಿರಲಿಲ್ಲ. ಹತ್ತನೇ ಶತಮಾನದ ಒಂದು ಉಣ್ಣೆ ಕಾಲುಚೀಲ ಸಿಕ್ಕಿತು. ಇನ್ನೊಂದು ಕಡೆ, 1972ರಲ್ಲಿ ಬ್ಯಾಂಕ್ ಕಟ್ಟುವ ಜಾಗದಲ್ಲಿ ಸಿಕ್ಕ ವೈಕಿಂಗ್ ಮಲವನ್ನೂ ಗಾಜಿನೊಳಗೆ ಇಟ್ಟಿದ್ದಾರೆ, ಹುಳದ ಮೊಟ್ಟೆ ಇದ್ದದ್ದೂ ಗೊತ್ತಾಗಿದೆ. ತಂಗಿ ಮುಖ ತಿರುಗಿಸಿದಳು. ನಾನು ಸ್ವಲ್ಪ ಜಾಸ್ತಿ ಹೊತ್ತೇ ನೋಡಿದೆ.

ವೈಕಿಂಗರ ನಂತರ ಫ್ರಾನ್ಸ್ ಕಡೆಯಿಂದ ಬಂದವರು ನಾರ್ಮನ್ನರು. ಅವರು ಕೋಟೆಗೆ ಹಾಕಿದ ಗುಡ್ಡ, ಕ್ಲಿಫರ್ಡ್ಸ್ ಟವರ್, ಹತ್ತುವಾಗ ಮಾತು ಕಮ್ಮಿಯಾಯಿತು. 1066ರಲ್ಲಿ ಇಂಗ್ಲೆಂಡ್ ಗೆದ್ದ ಅವರ ದೊರೆ ವಿಲಿಯಂ, ಉತ್ತರದವರು ಬಗ್ಗಲಿಲ್ಲ ಅಂತ 1069-70ರ ಚಳಿಗಾಲದಲ್ಲಿ ಈ ಸೀಮೆಯನ್ನೇ ಸುಟ್ಟ. ಅದಕ್ಕಿಂತ ಮನಸ್ಸಿಗೆ ಕಷ್ಟವಾದದ್ದು 1190ರ ಮಾರ್ಚ್. ಊರಿನ ಸುಮಾರು 150 ಯಹೂದಿಗಳು ಆಗಿನ ಮರದ ಗೋಪುರದಲ್ಲಿ ಅಡಗಿದ್ದರು. ಹೊರಗೆ ಗುಂಪು, ಗುಂಪಿನಲ್ಲಿ ಅವರ ಹತ್ತಿರ ಸಾಲ ಮಾಡಿದವರೂ ಇದ್ದರು. ಹೆಚ್ಚಿನವರು ತಾವೇ ಜೀವ ತೆಗೆದುಕೊಂಡರು, ಜೀವ ಉಳಿಸ್ತೀವಿ ಅನ್ನೋ ಮಾತು ನಂಬಿ ಹೊರಬಂದವರನ್ನು ಗುಂಪು ಕೊಂದಿತು. ಸಾಲದ ಪತ್ರಗಳನ್ನು ಮಿನ್‌ಸ್ಟರ್‌ನಲ್ಲೇ ಸುಟ್ಟರು. ಪ್ರಾರ್ಥನೆಯ ಜಾಗದಲ್ಲಿ, ನೋಡಿ. 1290ರಲ್ಲಿ ಯಹೂದಿಗಳನ್ನು ಇಡೀ ಇಂಗ್ಲೆಂಡಿನಿಂದಲೇ ಓಡಿಸಿದರು. ಗುಡ್ಡದ ತುಂಬಾ ಹಳದಿ ಡ್ಯಾಫೋಡಿಲ್ ಅರಳಿತ್ತು, ಕೆಳಗೆ ಮಕ್ಕಳು ಐಸ್‌ಕ್ರೀಂ ತಿನ್ನುತ್ತಿದ್ದರು.

ಕಾಲು ನೋವು ಅಂತ ತಂಗಿ ಪಾರ್ಕಿನ ಬೆಂಚಿನಲ್ಲಿ ಕೂತಳು, ನಾನೊಬ್ಬನೇ ಯಾರ್ಕ್‌ಷೈರ್ ಮ್ಯೂಸಿಯಂ ಹೊಕ್ಕೆ. ಅಲ್ಲಿ ಒಂದು ಶಿರಸ್ತ್ರಾಣ. 1982ರಲ್ಲಿ, ವೈಕಿಂಗರನ್ನು ಹುಡುಕಿ ಮುಗಿಸಿದ ಜಾಗದ ಪಕ್ಕದಲ್ಲೇ, ಕಟ್ಟಡದ ಕೆಲಸದ ಯಂತ್ರಕ್ಕೆ ತಗುಲಿ ಸಿಕ್ಕಿದ್ದು. ಎಂಟನೇ ಶತಮಾನದ್ದು, ಕಬ್ಬಿಣ ಮತ್ತು ಹಿತ್ತಾಳೆ, ಕುತ್ತಿಗೆಗೆ ಸಣ್ಣ ಬಳೆಗಳ ಜಾಲರಿ, ಮೂಗಿನ ಮೇಲೆ ಹೆಣೆದುಕೊಂಡ ಪ್ರಾಣಿಗಳು. ತಲೆಯ ಮೇಲಿನ ಪಟ್ಟಿಯಲ್ಲಿ ಲ್ಯಾಟಿನ್ ಪ್ರಾರ್ಥನೆ, ಅದರೊಳಗೆ ಒಂದು ಆಂಗಲ್ ಹೆಸರು. ಕಣ್ಣಿನ ಜಾಗ ಖಾಲಿ. ಸುಮ್ನೆ ಎದುರಿಗೆ ನಿಂತಿದ್ದೆ, ಎಷ್ಟು ಹೊತ್ತೋ.

ಹೊರಗೆ ಬಂದಾಗ ತಂಗಿ ಚಿಪ್ಸ್ ಮುಗಿಸಿದ್ದಳು. "ಸಿಕ್ಕಿದ್ನಾ ಅಣ್ಣಾ ನಿನ್ನ ಆಂಗ್ಲೋ?"

"ಸಿಕ್ಕಿದ. ಹೆಸರು ಓಶೆರೆ."