ನಾಯಿಯ ಮೂಗು ಸವರಿ ಪರೀಕ್ಷೆಗೆ

ಪರೀಕ್ಷೆಯ ಬೆಳಿಗ್ಗೆ ಚಳಿಗೆ ಬೆರಳುಗಳು ಮರಗಟ್ಟಿದ್ದವು. ಆದರೂ ಕೈಗವಸು ತೆಗೆದು, ಅದೃಷ್ಟ ತರುತ್ತದೆಂದು ಕ್ಯಾಂಪಸ್ಸಿನ ಕಂಚಿನ ನಾಯಿಯ ಮೂಗನ್ನು ಸವರಿಯೇ ಮುಂದೆ ಹೋದೆ. ಮೈಯೆಲ್ಲ ಕಪ್ಪುಗಟ್ಟಿದೆ, ಮೂಗು ಮಾತ್ರ ಚಿನ್ನದಂತೆ ಫಳಫಳ. ಅಷ್ಟು ಕೈಗಳು ಅದನ್ನು ಉಜ್ಜಿವೆ. ‘ಟ್ರೂ ಗ್ರಿಟ್’ ಎಂಬ ಈ ನಾಯಿ ಚೆಸಾಪೀಕ್ ಬೇ ರಿಟ್ರೀವರ್ ತಳಿಯದು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಅಧಿಕೃತ ನಾಯಿಯೂ ಅದೇ ತಳಿ. ಗುಡಿಯಲ್ಲಿ ಗಂಟೆ ಬಾರಿಸಿ ರೂಢಿಯಿದ್ದ ನನ್ನ ಕೈಗೆ ಇದು ಹೊಸದೆನಿಸಲಿಲ್ಲ.

ನಾನು ಓದುತ್ತಿರುವುದು ಬಾಲ್ಟಿಮೋರ್ ನಗರದ ಹೊರವಲಯದಲ್ಲಿರುವ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ. ಹೆಸರು ಯೂನಿವರ್ಸಿಟಿ ಆಫ್ ಮೇರಿಲ್ಯಾಂಡ್, ಬಾಲ್ಟಿಮೋರ್ ಕೌಂಟಿ; ಎಲ್ಲರ ಬಾಯಲ್ಲೂ ಅದು ಯುಎಂಬಿಸಿ. 1966ರಲ್ಲಿ ಶುರುವಾದದ್ದು. ಹಿಲ್‌ಟಾಪ್ ಸರ್ಕಲ್ ಎಂಬ ರಸ್ತೆ ಕ್ಯಾಂಪಸ್ಸನ್ನು ಬಳೆಯಂತೆ ಸುತ್ತಿದೆ. ಮನೆಯಿಂದಲೇ ಕಾರಿನಲ್ಲಿ ಬಂದು ಹೋಗುವ ವಿದ್ಯಾರ್ಥಿಗಳು ಬಹಳ. ಹಾಗಾಗಿ ಶನಿವಾರ ಬಂತೆಂದರೆ ಎಲ್ಲವೂ ಬಿಕೋ ಎನ್ನುತ್ತದೆ. ಮೊದಲ ಶನಿವಾರ ಸಂಜೆ ಗ್ರಂಥಾಲಯದ ಹಿಂದಿನ ಕೊಳದ ಬಳಿ ಬಾತುಗಳನ್ನು ನೋಡುತ್ತ ಕುಳಿತಿದ್ದೆ. ಅಮ್ಮನಿಗೆ ಫೋನ್ ಮಾಡೋಣವೆಂದರೆ ಅಲ್ಲಿ ನಡುರಾತ್ರಿ.

ಈ ಊರಿನ ಬಗ್ಗೆ ನನ್ನ ಮನಸ್ಸು ತಿರುಗಿದ್ದು ಇಲ್ಲಿ ಓದುವ ಬಗೆಯನ್ನು ಕಂಡ ಮೇಲೆ. 1992ರಿಂದ 2022ರವರೆಗೆ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಫ್ರೀಮನ್ ಹ್ರಬೊವ್ಸ್ಕಿ ಗಣಿತದವರು. 1963ರಲ್ಲಿ, ಹನ್ನೆರಡರ ಹುಡುಗನಾಗಿದ್ದಾಗಲೇ, ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಪ್ಪು ಜನರ ಹಕ್ಕಿಗಾಗಿ ಮಕ್ಕಳ ಮೆರವಣಿಗೆಯಲ್ಲಿ ನಡೆದು ಸೆರೆವಾಸ ಕಂಡವರು. ಅಧ್ಯಕ್ಷರಾಗುವ ಮೊದಲೇ, 1988ರಲ್ಲಿ, ರಾಬರ್ಟ್ ಮೆಯರ್‌ಹಾಫ್ ಎಂಬ ದಾನಿಯೊಡನೆ ಸೇರಿ ಕಪ್ಪು ವಿದ್ಯಾರ್ಥಿಗಳನ್ನು ವಿಜ್ಞಾನದಲ್ಲಿ ಪಿಎಚ್.ಡಿ.ವರೆಗೆ ಕೈಹಿಡಿದು ನಡೆಸುವ ಯೋಜನೆಯೊಂದನ್ನು ಕಟ್ಟಿದರು. ಒಬ್ಬೊಬ್ಬರೇ ಓದಬೇಡಿ, ಕೂಡಿ ಓದಿ ಎನ್ನುವುದು ಅದರ ಜೀವಾಳ. ಮಾಡರ್ನಾ ಕೋವಿಡ್ ಲಸಿಕೆಯ ಹಿಂದಿನ ಸಂಶೋಧನೆಯಲ್ಲಿ ಮುಖ್ಯರಾದ ಕಿಜ್ಮೆಕಿಯಾ ಕಾರ್ಬೆಟ್ ಅದೇ ಯೋಜನೆಯಲ್ಲಿ ಓದಿ 2008ರಲ್ಲಿ ಇಲ್ಲಿಂದ ಪದವಿ ಪಡೆದವರು. ಅವರು ನಡೆದ ದಾರಿಯಲ್ಲೇ ನಾನೂ ತರಗತಿಗೆ ಹೋಗುತ್ತೇನೆ ಎಂದುಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆಟದ ಹೆಮ್ಮೆಯೂ ಇದೆ. 2018ರ ಮಾರ್ಚ್ 16ರಂದು ಇಲ್ಲಿನ ಬಾಸ್ಕೆಟ್‌ಬಾಲ್ ಹುಡುಗರು ಅಗ್ರ ಶ್ರೇಯಾಂಕದ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡವನ್ನು 74–54ರಿಂದ ಮಣಿಸಿದರು. ಕಟ್ಟಕಡೆಯ, ಅಂದರೆ ಹದಿನಾರನೇ, ಶ್ರೇಯಾಂಕದ ತಂಡವೊಂದು ಕಾಲೇಜು ತಂಡಗಳ ರಾಷ್ಟ್ರೀಯ ಪುರುಷರ ಟೂರ್ನಿಯಲ್ಲಿ ಅಗ್ರ ಶ್ರೇಯಾಂಕದವರನ್ನು ಹೀಗೆ ಗೆದ್ದದ್ದು ಅದೇ ಮೊದಲು. ಆದರೆ ನನಗೆ ಹೆಚ್ಚು ಹಿಡಿಸಿದ್ದು, ಚೆಸ್ ಚೆನ್ನಾಗಿ ಆಡುವವರಿಗೂ ವಿಶ್ವವಿದ್ಯಾಲಯ ವಿದ್ಯಾರ್ಥಿವೇತನ ಕೊಟ್ಟು ಕರೆತಂದದ್ದು.

ನಾನು ಯಾರಿಗೂ ನೋಟ್ಸ್ ತೋರಿಸದೆ ಓದಿ ಬೆಳೆದವಳು. ಇಲ್ಲಿ ಸಹಪಾಠಿಯೊಬ್ಬಳು ಎರಡನೇ ವಾರವೇ ಬಂದು, ತನಗೆ ಸಂಭವನೀಯತೆಯ ಪಾಠ ಅರ್ಥವಾಗಿಲ್ಲವೆಂದು ನಾಚಿಕೆಯಿಲ್ಲದೆ ಹೇಳಿ, ಜೊತೆಗೆ ಕೂರಲು ಕರೆದಳು. ಅಂದಿನಿಂದ ಶುಕ್ರವಾರ ರಾತ್ರಿ ಗ್ರಂಥಾಲಯದ ಪುಟ್ಟ ಕೋಣೆಯೇ ನಮ್ಮ ಠಾವು. ಮೊನ್ನೆ ಅವಳು ಒಂದು ಲೆಕ್ಕವನ್ನು ಬಿಳಿ ಹಲಗೆಯ ತುಂಬ ಬಿಡಿಸಿ ವಿವರಿಸಿದಳು. ಕೊನೆಯ ಬಸ್ಸಿಗೆ ಇನ್ನು ಇಪ್ಪತ್ತೇ ನಿಮಿಷ. ಅಷ್ಟನ್ನೂ ಒರೆಸಿ, ಮಾರ್ಕರ್ ನನ್ನ ಕೈಗಿಟ್ಟು, “ಈಗ ನೀನು ನನಗೆ ಹೇಳಿಕೊಡು” ಎಂದಳು.