ಲೈಬ್ರರಿಯಲ್ಲಿ ಸಿನಿಮಾ ಯಾಕಿರಬಾರದು?

ಲೈಬ್ರರಿಯವರು ಸಿನಿಮಾ ಕೊಡೋಕೆ ಶುರು ಮಾಡಿದ್ರೆ ಪುಸ್ತಕ ಮುಟ್ಟೋರು ಯಾರು ಅಂತ ಮಡಿಕೇರಿಯಲ್ಲಿ ಹಿರಿಯರೊಬ್ಬರು ಬೇಸರದಿಂದ ಕೇಳಿದ್ರು. ಅವರ ಆತಂಕ ಅರ್ಥವಾಯ್ತು, ಒಪ್ಪೋಕೆ ಆಗಲಿಲ್ಲ.

ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಹಾಡುಗಳನ್ನು ಕೂಡಿಹಾಕಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಪುಸ್ತಕ ತಂದರು. ಅದಿಲ್ಲದಿದ್ದರೆ ಎಷ್ಟು ಹಾಡು ಮಣ್ಣುಪಾಲಾಗುತ್ತಿತ್ತೋ! ಆದರೆ ಪುಟದಲ್ಲಿ ಸಿಗೋದು ಮಾತು ಮಾತ್ರ. ನಾಲ್ವರು ದುಡಿ ಬಡೀತಾ, ಇಬ್ಬರು ಹೇಳಿದ ಸಾಲನ್ನು ಉಳಿದಿಬ್ಬರು ಎತ್ತಿಕೊಳ್ಳೋ ಆ ಧಾಟಿ ಕಿವಿಗೇ ಬೀಳಬೇಕು. ಅಂಥ ರೆಕಾರ್ಡಿಂಗು ಲೈಬ್ರರಿಯಲ್ಲಲ್ಲದೆ ಇನ್ನೆಲ್ಲಿರಬೇಕು? ಕೊಡವ, ಅರೆಭಾಷೆ ಸಿನಿಮಾಗಳೂ ಅಷ್ಟೆ, ಥಿಯೇಟರಿನಿಂದ ಇಳಿದ ಮೇಲೆ ಹುಡುಕೋದೇ ಕಷ್ಟ. ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಡೋ ಊರಲ್ಲಿ ಓಟಿಟಿ ನೆಚ್ಚಿಕೊಳ್ಳೋಕಾಗುತ್ತಾ?

ಆಸ್ತಿ ತೆರಿಗೆ ಜೊತೆ ಅದರ ಶೇ 6ರಷ್ಟು ಗ್ರಂಥಾಲಯ ಸೆಸ್ ಕಟ್ಟೋರು ನಾವೇ. ಮನೆ ಹೆಸರಲ್ಲಿದ್ದರೆ ಓದು ಬಾರದ ಅಜ್ಜಿಯೂ ಕಟ್ಟುತ್ತಾರೆ. ಅವರಿಗೆ ಅಲ್ಲಿ ಏನಿದೆ, ಹೇಳಿ.

ಪುಸ್ತಕದ ದುಡ್ಡಿಗೆ ಕೈ ಹಾಕೋದು ಮಾತ್ರ ಬೇಡವೇ ಬೇಡ. ಹಕ್ಕುದಾರರ ಒಪ್ಪಿಗೆ ಪಡೆದು, ನಮ್ಮ ಜಿಲ್ಲೆಯ ಹಾಡು, ಸಿನಿಮಾಗಳದ್ದೇ ಒಂದು ಕಪಾಟು ಮೊದಲು ಬರಲಿ. ಯಾರ ಮನೆಯಲ್ಲಾದರೂ ಹಳೇ ಹಾಡಿನ ಕ್ಯಾಸೆಟ್ ಇದ್ದರೆ ದಯವಿಟ್ಟು ಎಸೀಬೇಡಿ.